ಮಾಳಿಗೆಗೆ ಬೀಗ ಹಾಕಿದ್ದು ಯಾರು?

ಯುಗಾದಿ ಮುಗಿದು ಒಂದು ವಾರ ಆಗಿತ್ತು. ರಾತ್ರಿ ಒಂಬತ್ತರ ಬುಲೆಟಿನ್‌ಗೆ ಮೇಕಪ್ ಮುಗಿಸಿ ಸ್ಟುಡಿಯೋ ಕಡೆ ಹೊರಟಿದ್ದೆ. ಗದಗದಿಂದ ಅವ್ವನ ಫೋನು.

"ತಮ್ಮಾ, ಶ್ಯಾವಿಗಿ ಎಲ್ಲೆ ಒಣಗಸೂದು? ಮ್ಯಾಲ ಹೋಗೂ ಬಾಗಲಕ್ಕ ಬೀಗ ಜಡದಾರ."

ಯಾರು ಜಡದಾರ ಅಂತ ಕೇಳಿದೆ. ಬಿಲ್ಡರ್ ಕಡೆಯವರು. ಟೆರೇಸ್ ಹಕ್ಕು ನಮ್ಮದು, ಅಲ್ಲಿ ಇನ್ನೊಂದು ಮನೆ ಕಟ್ತೀವಿ, ಯಾರೂ ಮೇಲೆ ಬರಬೇಡಿ ಅಂತ ಹೇಳಿ ಹೋಗಿದ್ದರಂತೆ. ಅವ್ವ ನಾದಿಟ್ಟ ರವೆ ಅಡುಗೆಮನೆಯಲ್ಲಿ ಕೂತಿತ್ತು. ನನಗೆ ಪ್ರಸಾರದ ಟೈಮ್ ಆಗಿತ್ತು. "ನಾಳೆ ಮಾತಾಡ್ತೀನಿ ಬೇ" ಅಂದು ಫೋನ್ ಇಟ್ಟೆ. ಆ ರಾತ್ರಿ ಒಂದು ಗಂಟೆ ಕಾಲ ರಾಜ್ಯದ ಜನರ ಹಕ್ಕುಗಳ ಬಗ್ಗೆ ಮಾತಾಡಿದೆ. ನಮ್ಮ ಅವ್ವನ ಹಕ್ಕಿನ ಬಗ್ಗೆ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ.

ಶ್ಯಾವಿಗೆ ಒಣಗಿಸೋ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯಾ ಅಂತ ನೀವು ನಗಬಹುದು. ಸ್ವಲ್ಪ ತಾಳಿ. ನೀವು ಫ್ಲಾಟ್‌ನಲ್ಲಿದ್ದರೆ, ಅಥವಾ ಹುಬ್ಬಳ್ಳಿಯಲ್ಲೋ ಗದಗದಲ್ಲೋ ಬೆಂಗಳೂರಲ್ಲೋ ಒಂದು ಫ್ಲಾಟ್ ತಗೊಳ್ಳೋ ಯೋಚನೆ ಇದ್ದರೆ, ಆ ಬೀಗದ ಹಿಂದೆ ನಿಮ್ಮ ದುಡ್ಡೂ ಇದೆ.

ಮೊದಲು ಆ ಕಟ್ಟಡದ ಬಗ್ಗೆ ಹೇಳ್ತೀನಿ. ಹನ್ನೆರಡು ಮನೆ. ಕೆಳಗೆ ಕಂಬಗಳ ಮೇಲೆ ಪಾರ್ಕಿಂಗ್, ಅದರ ಮೇಲೆ ಮೂರು ಮಹಡಿ, ಮಹಡಿಗೆ ನಾಲ್ಕು ಮನೆ, ಒಂದು ಲಿಫ್ಟು, ಒಂದು ಬೋರ್‌ವೆಲ್ಲು. ನಮ್ಮಪ್ಪ ಲೆಕ್ಕದ ಮಾಸ್ತರ್ ಆಗಿ ನಿವೃತ್ತರಾದವರು. ಮೊಣಕಾಲು ನೋವು ಹೆಚ್ಚಾದ ಮೇಲೆ, ಆಸ್ಪತ್ರೆ ಹತ್ತಿರ ಇರಲಿ ಅಂತ ಯಳವತ್ತಿ ಬಿಟ್ಟು ಗದಗಕ್ಕೆ ಬಂದರು. ಮೂರನೇ ಮಹಡಿ. ಲಿಫ್ಟ್ ಇದೆಯಲ್ಲ ಅನ್ನೋ ಧೈರ್ಯ.

ಆ ಲಿಫ್ಟ್ ಫೆಬ್ರವರಿಯಲ್ಲಿ ನಿಂತಿತ್ತು. ಮೊದಲ ಮಹಡಿಯ ನಾಲ್ಕು ಮನೆಯವರು "ನಾವು ಲಿಫ್ಟ್ ಹತ್ತೋದೇ ಇಲ್ಲ, ನಾವ್ಯಾಕೆ ಕೊಡಬೇಕು" ಅಂತ ತಿಂಗಳ ಮೇಂಟೆನೆನ್ಸ್ ಕೊಡೋದು ನಿಲ್ಲಿಸಿದ್ದರು. ಲಿಫ್ಟ್ ನೋಡಿಕೊಳ್ಳೋ ಕಂಪನಿಗೆ ವರ್ಷದ ದುಡ್ಡು ಹೋಗಲಿಲ್ಲ. ಒಂದು ದಿನ ಲಿಫ್ಟ್ ಕೆಟ್ಟಿತು, ಕಂಪನಿಯವರು ಬರಲಿಲ್ಲ. ಹತ್ತೊಂಬತ್ತು ದಿನ ಅಪ್ಪ ಕೆಳಗೆ ಇಳಿಯಲಿಲ್ಲ. ಆ ದಿನಗಳಲ್ಲೇ ಯಳವತ್ತಿಯಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರು ತೀರಿಕೊಂಡರು. ಅಪ್ಪನಿಗೆ ಮಣ್ಣಿಗೆ ಹೋಗೋಕೆ ಆಗಲಿಲ್ಲ. ಬಾಲ್ಕನಿಯಲ್ಲಿ ಕೂತು ಲಕ್ಷ್ಮೇಶ್ವರದ ಬಸ್ ಹೋಗೋ ದಾರಿ ನೋಡ್ತಿದ್ದರು ಅಂತ ಅವ್ವ ಆಮೇಲೆ ಹೇಳಿದಳು.

ಒಂದು ಲಿಫ್ಟು, ಒಂದು ಟೆರೇಸು. ಲಿಫ್ಟ್ ನಮ್ಮದಲ್ಲ ಅಂತ ಕೆಲವರು ಕೈ ತೊಳ್ಕೊಂಡರು. ಟೆರೇಸ್ ನಮ್ಮದೊಬ್ಬರದೇ ಅಂತ ಒಬ್ಬರು ಬೀಗ ಹಾಕಿದರು. ನೋಡೋಕೆ ಇವು ಎರಡು ಜಗಳ. ನಿಜವಾಗಿ ಒಂದೇ: ಎಲ್ಲರಿಗೂ ಸೇರಿದ್ದು ಅಂದ್ರೆ ಯಾರಿಗೆ ಸೇರಿದ್ದು?

ಯಳವತ್ತಿಯ ಮ್ಯಾಲ್ಮುದ್ದಿ

ನಾನು ಹುಟ್ಟಿದಾಗ ಯಳವತ್ತಿ ಇದ್ದದ್ದು ಧಾರವಾಡ ಜಿಲ್ಲೆ, ಶಿರಹಟ್ಟಿ ತಾಲ್ಲೂಕಲ್ಲಿ. 1997ರಲ್ಲಿ ಗದಗ ಜಿಲ್ಲೆ ಆಯ್ತು. ಆಮೇಲೆ ಲಕ್ಷ್ಮೇಶ್ವರವೇ ತಾಲ್ಲೂಕಾಯ್ತು. ಮನೆಯ ವಿಳಾಸ ಬದಲಾಗ್ತಾ ಹೋಯ್ತು, ಮನೆ ಮಾತ್ರ ಅದೇ: ಮಣ್ಣಿನ ಮಾಳಿಗೆಯ ಮನೆ, ನಮ್ಮ ಕಡೆ ಮ್ಯಾಲ್ಮುದ್ದಿ ಅಂತಾರೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಓಣಿಯಲ್ಲಿ ನಾಲ್ಕು ಮನೆಗಳ ಗ್ವಾಡಿ ಕೂಡಿಕೊಂಡೇ ಇದ್ದವು. ನಮ್ಮ ಮಾಳಿಗೆ ಹತ್ತಿದರೆ ನಾಲ್ಕನೇ ಮನೆಯವರ ಬೆಳಕಿಂಡಿ ತನಕ ನಡೆದು ಹೋಗಬಹುದಿತ್ತು.

ಬೇಸಿಗೆ ಕೊನೆಗೆ, ಮಿರಗದ ಮಳೆ ಬರೋ ಮುಂಚೆ, ಎಲ್ಲರೂ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ತುಳಿದು, ತಟ್ಟಿ, ನೀರು ಹರನಾಳಿಗೆ ಕಡೆ ಹರಿಯೋ ಹಾಗೆ ಇಳಿಜಾರು ಮಾಡಬೇಕು. ಒಂದು ವರ್ಷ ಪಕ್ಕದ ಮನೆಯವರು ದುಡಿಯೋಕೆ ಗೋವಾಕ್ಕೆ ಹೋಗಿದ್ದರು, ಮನೆಗೆ ಬೀಗ. ನಮ್ಮಜ್ಜ ನಮ್ಮ ಮಾಳಿಗೆ ಮುಗಿಸಿ, ಅವರ ಮಾಳಿಗೆಗೂ ಎರಡು ಚಕ್ಕಡಿ ಮಣ್ಣು ಹಾಕಿಸಿದ. ನನಗೆ ಆಶ್ಚರ್ಯ. ಅವರ ಮನೆಗೆ ನಾವ್ಯಾಕೆ ಅಂತ ಕೇಳಿದೆ.

"ಅವನ ಮಾಳಿಗಿ ಸೋರಿದ್ರ ನಡಗ್ವಾಡಿ ನೆನಿತೈತಿ. ಗ್ವಾಡಿ ಬಿದ್ದರ ಅದು ಅವನ ಮನಿ, ಇದು ನನ್ನ ಮನಿ ಅಂತ ನೋಡಿ ಬೀಳತೈತೇನ?"

ದಸರೆಗೆ ಪಕ್ಕದ ಮನೆಯವರು ವಾಪಸ್ ಬಂದಾಗ ಅಜ್ಜ ಮಣ್ಣಿನ ಖರ್ಚು ಲೆಕ್ಕ ಹಾಕಿ ವಸೂಲಿ ಮಾಡಿದ. ಬಿಡಲಿಲ್ಲ. ಅವರೂ ನಾವು ಊರಲ್ಲೇ ಇರಲಿಲ್ಲವಲ್ಲ ಅಂತ ವಾದ ಮಾಡಲಿಲ್ಲ, ಕೊಟ್ಟರು. ಇದಕ್ಕೆ ಕಾಗದ ಇರಲಿಲ್ಲ, ಸಹಿ ಇರಲಿಲ್ಲ. ಬಹಳ ವರ್ಷ ಆದ ಮೇಲೆ ಕರ್ನಾಟಕದ ಅಪಾರ್ಟ್‌ಮೆಂಟ್ ಕಾಯ್ದೆ ಓದಿದಾಗ ನನಗೆ ನೆನಪಾಗಿದ್ದು ಆ ಎರಡು ಚಕ್ಕಡಿ ಮಣ್ಣು.

ಫ್ಲಾಟ್ ಅಂದ್ರೆ ಏನನ್ನು ಕೊಂಡ ಹಾಗೆ?

ಹಳೇ ಕಾನೂನಿನ ತಿಳುವಳಿಕೆ ಸರಳ ಇತ್ತು. ಜಾಗ ಯಾರದ್ದೋ ಅದರ ಮೇಲಿನ ಮನೆ ಅವರದ್ದು. ಆದರೆ ಮೂರನೇ ಮಹಡಿಯ ಮನೆ ಯಾವ ಜಾಗದ ಮೇಲಿದೆ? ಎರಡನೇ ಮಹಡಿಯ ಛಾವಣಿ ಮೇಲೆ! ಈ ಒಗಟು ಬಿಡಿಸೋಕೆ ಫ್ರಾನ್ಸ್ 1938ರಲ್ಲಿ, ಜರ್ಮನಿ 1951ರಲ್ಲಿ ಪ್ರತ್ಯೇಕ ಕಾನೂನು ತಂದವು. ನಮ್ಮಲ್ಲಿ ಮಹಾರಾಷ್ಟ್ರ 1970ರಲ್ಲಿ ತಂತು. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಎಲ್ಲ ಕಡೆ ಉತ್ತರ ಹೆಚ್ಚುಕಡಿಮೆ ಒಂದೇ: ನಿಮ್ಮ ಬಾಗಿಲ ಒಳಗಿನದ್ದು ನಿಮ್ಮೊಬ್ಬರದ್ದು. ಬಾಗಿಲ ಹೊರಗಿನದ್ದರಲ್ಲಿ ನಿಮಗೆ ಒಂದು ಪಾಲು.

ನಿಮ್ಮ ಕ್ರಯಪತ್ರ ತೆಗೆದು ನೋಡಿ. ಅದರಲ್ಲಿ ಅವಿಭಜಿತ ಹಕ್ಕು ಅಂತ ಒಂದು ಮಾತಿರುತ್ತೆ. ಅಂದ್ರೆ ಪಾಲು ಇದೆ, ಆದರೆ ಗೆರೆ ಎಳೆದು ತೋರಿಸೋಕೆ ಬರಲ್ಲ. ಮೆಟ್ಟಿಲಿನ ಮೂರನೇ ಪಾವಟಿಗೆ ನಂದು, ನಾಲ್ಕನೇದು ನಿಂದು ಅನ್ನೋ ಹಾಗಿಲ್ಲ. ಪ್ರತಿ ಪಾವಟಿಗೆಯಲ್ಲೂ ಹನ್ನೆರಡೂ ಮನೆಯವರ ಪಾಲಿದೆ. ಭಾಗ ಮಾಡಿಕೊಡಿ ಅಂತ ಯಾರೂ ಕೇಳೋ ಹಾಗಿಲ್ಲ.

ಏನೆಲ್ಲ ಎಲ್ಲರಿಗೂ ಸೇರಿದ್ದು? 1972ರ ಕಾಯ್ದೆಯ ಪಟ್ಟಿ ಉದ್ದ ಇದೆ. ಕಟ್ಟಡ ನಿಂತಿರೋ ಜಾಗ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಛಾವಣಿ, ಮೆಟ್ಟಿಲು, ಓಡಾಡೋ ಕಾರಿಡಾರು, ಒಳಗೆ ಹೊರಗೆ ಹೋಗೋ ದಾರಿ, ನೆಲಮಾಳಿಗೆ, ಅಂಗಳ, ಪಾರ್ಕಿಂಗು, ಲಿಫ್ಟು, ನೀರಿನ ಟ್ಯಾಂಕು, ಪಂಪು. 2016ರಲ್ಲಿ ಕೇಂದ್ರ ಸರ್ಕಾರ ತಂದ ರೇರಾ ಕಾಯ್ದೆಯಲ್ಲೂ ಇಂಥದ್ದೇ ಪಟ್ಟಿ ಇದೆ. ಅದರಲ್ಲಿ ಟೆರೇಸ್ ಅಂತಾನೇ ಹೆಸರಿಟ್ಟು ಬರೆದಿದ್ದಾರೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮೈಕ್ ಹಿಡಿಯೋ ಮುಂಚೆ ಎರಡು ವರ್ಷ ಸೈಟಲ್ಲಿ ಇದ್ದವನು. ಕಾನೂನಿನ ಈ ಪಟ್ಟಿ ಯಾಕೆ ಸರಿ ಅಂತ ಆ ಕಣ್ಣಿಂದ ಹೇಳ್ತೀನಿ. ನಿಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಕಂಬ ಇದೆಯಲ್ಲ, ಸೋಫಾಕ್ಕೆ ಅಡ್ಡ ಬರುತ್ತೆ ಅಂತ ನೀವು ಬೈಕೊಳ್ಳೋ ಕಂಬ, ಅದು ನಿಮ್ಮ ಮನೆ ಒಳಗಿದ್ದರೂ ನಿಮ್ಮೊಬ್ಬರದ್ದಲ್ಲ. ಮೇಲಿನ ಎಲ್ಲ ಮನೆಗಳ ಭಾರ ಅದರಲ್ಲಿ ಇಳಿದು ಅಡಿಪಾಯಕ್ಕೆ ಹೋಗ್ತಿದೆ. ತೊಲೆಗೆ ರಂಧ್ರ ಕೊರೆದು ಎಸಿ ಪೈಪ್ ತೂರಿಸಿದರೆ, ಭಾರ ಹೊರೋ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿದರೆ, ಬಿರುಕು ಬರೋದು ನಿಮ್ಮ ಮನೆಯಲ್ಲೇ ಅಂತ ಇಲ್ಲ. ಅದಕ್ಕೇ ಕಟ್ಟಡದ ಭದ್ರತೆಗೆ ಧಕ್ಕೆ ತರೋ, ಅದರ ಬೆಲೆ ಕಡಿಮೆ ಮಾಡೋ ಕೆಲಸ ಯಾವ ಮಾಲೀಕನೂ ಮಾಡೋ ಹಾಗಿಲ್ಲ ಅಂತ ಕಾಯ್ದೆ ಹೇಳುತ್ತೆ. ಗ್ವಾಡಿ ಬೀಳೋವಾಗ ಯಾರ ಮನೆ ಅಂತ ನೋಡಲ್ಲ ಅಂದಿದ್ದ ಅಜ್ಜ. ಅದೇ ಮಾತು, ಕಾಂಕ್ರೀಟಿನಲ್ಲಿ.

ಹಾಗಾದ್ರೆ ಟೆರೇಸ್ ಯಾರದ್ದು?

ಬಿಲ್ಡರ್ ಕಡೆಯವರು ನಮ್ಮ ಕ್ರಯಪತ್ರದಲ್ಲಿರೋ ಒಂದು ಸಾಲು ತೋರಿಸಿದರು. ಟೆರೇಸಿನ ಮೇಲಿನ ಹಕ್ಕನ್ನು ಕಟ್ಟಿದವರು ತಮ್ಮಲ್ಲೇ ಉಳಿಸಿಕೊಂಡಿದ್ದಾರೆ ಅಂತ. ಇಪ್ಪತ್ತೆರಡು ಪುಟದ ಕಾಗದದಲ್ಲಿ ಹದಿನೇಳನೇ ಪುಟ. ನಾನು ಸಹಿ ಮಾಡುವಾಗ ಅದನ್ನ ಓದಿರಲಿಲ್ಲ. ನೀವು ಓದಿದ್ದೀರಾ?

ಆದರೆ ಕ್ರಯಪತ್ರದ ಒಂದು ಸಾಲಿನಿಂದ ಕಾಯ್ದೆ ಅಳಿಸಿ ಹೋಗಲ್ಲ. ರೇರಾ ಪ್ರಕಾರ ಸಾಮಾನ್ಯ ಜಾಗಗಳನ್ನ ಬಿಲ್ಡರ್ ತನ್ನ ಹತ್ರ ಇಟ್ಟುಕೊಳ್ಳೋಕೆ ಅಲ್ಲ, ಮಾಲೀಕರ ಸಂಘದ ಹೆಸರಿಗೆ ಬರೆದುಕೊಡೋಕೆ ಬದ್ಧ. ಬೇರೆ ಸ್ಥಳೀಯ ಕಾನೂನು ಅವಧಿ ಹೇಳದೇ ಇದ್ದರೆ, ಸ್ವಾಧೀನಾನುಭವ ಪತ್ರ, ಅಂದ್ರೆ ನಾವೆಲ್ಲ ಓಸಿ ಅನ್ನೋ ಕಾಗದ, ಸಿಕ್ಕ ಮೂರು ತಿಂಗಳ ಒಳಗೆ ಇದು ಆಗಬೇಕು. ಮಂಜೂರಾದ ನಕ್ಷೆಯನ್ನ, ಸಾಮಾನ್ಯ ಜಾಗಗಳನ್ನ ಆಮೇಲೆ ಬದಲಾಯಿಸಬೇಕು ಅಂದ್ರೆ ಕೊಂಡವರಲ್ಲಿ ಕನಿಷ್ಠ ಮೂರನೇ ಎರಡು ಭಾಗ ಜನರ ಲಿಖಿತ ಒಪ್ಪಿಗೆ ಬೇಕು. ನಮ್ಮ ಲೆಕ್ಕದಲ್ಲಿ ಹನ್ನೆರಡರಲ್ಲಿ ಎಂಟು ಜನ. ಒಂದು ಮನೆ ಜಾಸ್ತಿ ಕಟ್ಟಿದರೆ ಏನು ಹೋಗುತ್ತೆ ಅಂತೀರಾ? ಆಗ ಮನೆ ಹದಿಮೂರಾಗುತ್ತೆ. ಎಲ್ಲರ ಪಾಲೂ ಸವೆಯುತ್ತೆ. ಹನ್ನೆರಡಕ್ಕೆ ಲೆಕ್ಕ ಹಾಕಿದ ಅಡಿಪಾಯದ ಮೇಲೆ ಹದಿಮೂರನೇದರ ಭಾರ ಕೂರುತ್ತೆ.

ಒಂದು ವಿನಾಯಿತಿ ಗಮನದಲ್ಲಿ ಇಟ್ಕೊಳ್ಳಿ. ಮಂಜೂರಾದ ನಕ್ಷೆಯಲ್ಲೇ ಒಂದು ಮನೆಗೆ ಅಂಟಿಕೊಂಡ ಹಾಗೆ ತೋರಿಸಿ, ಆ ಮನೆಯ ಜೊತೆಗೇ ಮಾರಿದ ತೆರೆದ ಟೆರೇಸ್ ಇದ್ದರೆ ಅದು ಆ ಮನೆಯವರದ್ದು. ಆದ್ದರಿಂದ ಜಗಳಕ್ಕೆ ಹೋಗೋ ಮುಂಚೆ ನಕ್ಷೆ ನೋಡಿ.

ಪಾರ್ಕಿಂಗ್ ಕಥೆಯೂ ಇದೇ ಥರ. 2010ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ಮುಂಬೈಯ ದಹಿಸರ್‌ನ ಪಾಂಚಾಲಿ ಹೌಸಿಂಗ್ ಸೊಸೈಟಿ ಒಂದು ಕಡೆ, ಬಿಲ್ಡರ್ ಇನ್ನೊಂದು ಕಡೆ. ಕಂಬಗಳ ನಡುವಿನ ಪಾರ್ಕಿಂಗ್ ಜಾಗ ನನ್ನದು, ಬೇರೆಯಾಗಿ ಮಾರಬಹುದು ಅನ್ನೋದು ಬಿಲ್ಡರ್ ವಾದ. ಕೋರ್ಟ್ ಒಪ್ಪಲಿಲ್ಲ. ಅದು ಗ್ಯಾರೇಜ್ ಅಲ್ಲ, ಕಟ್ಟಡದ ಸಾಮಾನ್ಯ ಭಾಗ ಅಂತ ಹೇಳ್ತು. ಅದು ಮಹಾರಾಷ್ಟ್ರದ 1963ರ ಕಾಯ್ದೆಯ ಮೇಲೆ ಬಂದ ತೀರ್ಪು ಅನ್ನೋದು ನಿಜ. ಆಮೇಲೆ ಬಂದ ರೇರಾ ತೆರೆದ ಪಾರ್ಕಿಂಗನ್ನ ಸಾಮಾನ್ಯ ಜಾಗದ ಪಟ್ಟಿಗೇ ಸೇರಿಸಿತು. ಮೇಲೆ ಛಾವಣಿ, ಮೂರು ಕಡೆ ಗೋಡೆ ಇದ್ದರೆ ಮಾತ್ರ ಅದು ಗ್ಯಾರೇಜ್ ಅಂತ ಬರೆಯಿತು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು ಗೆರೆ ಎಳೆದ ಮಾತ್ರಕ್ಕೆ ಗ್ಯಾರೇಜ್ ಆಗಲ್ಲ.

ಇನ್ನೂ ಒಂದು ಹಕ್ಕು ಬಹಳ ಜನಕ್ಕೆ ಗೊತ್ತಿಲ್ಲ. ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷದ ಒಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದು ನೀವು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿ ಮಾಡಿಕೊಡಬೇಕು. ಟೆರೇಸ್ ಸೋರ್ತಾ ಇದ್ದರೆ ಬಕೆಟ್ ಇಟ್ಟುಕೊಂಡು ಕೂರಬೇಡಿ. ಬರವಣಿಗೆಯಲ್ಲಿ ತಿಳಿಸಿ, ದಿನಾಂಕ ಹಾಕಿ.

ಲಿಫ್ಟ್ ಹತ್ತದವರು ಯಾಕೆ ಕೊಡಬೇಕು?

ಇಲ್ಲೀತನಕ ಬಿಲ್ಡರ್ ವಿಷಯ ಹೇಳ್ದೆ, ನೀವು ತಲೆ ಆಡಿಸ್ತಾ ಓದಿದ್ರಿ. ಈಗ ನಮ್ಮ ನಮ್ಮ ವಿಷಯಕ್ಕೆ ಬರೋಣ.

ಮೊದಲ ಮಹಡಿಯವರ ವಾದ ಕೇಳೋಕೆ ಚೆನ್ನಾಗಿದೆ. ಹತ್ತದ ಬಸ್ಸಿಗೆ ಟಿಕೆಟ್ ಯಾಕೆ? ಆದರೆ ಲಿಫ್ಟ್ ಬಸ್ಸಲ್ಲ, ಅದರಲ್ಲಿ ಅವರಿಗೂ ಪಾಲಿದೆ. ಅವರ ಮನೆ ಮಾರುವಾಗ ಲಿಫ್ಟ್ ಇರೋ ಅಪಾರ್ಟ್‌ಮೆಂಟ್ ಅಂತ ಹೇಳಿಯೇ ಬೆಲೆ ಕೇಳ್ತಾರೆ, ಅಲ್ವಾ? 1972ರ ಕಾಯ್ದೆ ಈ ವಾದಕ್ಕೆ ಜಾಗವನ್ನೇ ಬಿಟ್ಟಿಲ್ಲ. ಸಾಮಾನ್ಯ ಸೌಲಭ್ಯವನ್ನ ನಾನು ಬಳಸಲ್ಲ ಅಂತ ಹೇಳಿಯಾಗಲಿ, ಮನೆ ಖಾಲಿ ಬಿಟ್ಟು ಹೋಗಿಯಾಗಲಿ, ಯಾವ ಮಾಲೀಕನೂ ತನ್ನ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಗೋವಾಕ್ಕೆ ಹೋಗಿದ್ದವರು ಮಣ್ಣಿನ ದುಡ್ಡು ಕೊಟ್ಟರಲ್ಲ, ಅದೇ ನಿಯಮ.

ಎಷ್ಟು ಕೊಡಬೇಕು? ಇದನ್ನ ನಮ್ಮಪ್ಪ ಮೀಟಿಂಗಿನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದ ಹಾಗೆ ಹೇಳ್ತೀನಿ. ಇಡೀ ಆಸ್ತಿಯ ಬೆಲೆಯಲ್ಲಿ ನಿಮ್ಮ ಮನೆಯ ಬೆಲೆ ನೂರಕ್ಕೆ ಎಷ್ಟೋ, ಸಾಮಾನ್ಯ ಜಾಗದಲ್ಲಿ ನಿಮ್ಮ ಪಾಲು ಅಷ್ಟು. ನಮ್ಮಲ್ಲಿ ಸಾವಿರ ಚದರಡಿಯ ಮನೆ ಎಂಟು, ಐನೂರರದ್ದು ನಾಲ್ಕು. ಚದರಡಿಗೆ ಒಂದೇ ದರ. ಒಟ್ಟು ಹತ್ತು ಸಾವಿರ. ದೊಡ್ಡ ಮನೆಗೆ ನೂರಕ್ಕೆ ಹತ್ತು, ಚಿಕ್ಕ ಮನೆಗೆ ನೂರಕ್ಕೆ ಐದು. ಲಿಫ್ಟ್ ರಿಪೇರಿಗೆ 60,000 ಆದರೆ ದೊಡ್ಡ ಮನೆಗೆ 6,000, ಚಿಕ್ಕದಕ್ಕೆ 3,000. ಲಾಭ ಬಂದರೂ ಇದೇ ಲೆಕ್ಕ. ನಾಳೆ ಟೆರೇಸ್ ಮೇಲೆ ಮೊಬೈಲ್ ಟವರ್ ಕೂತು ಬಾಡಿಗೆ ಬಂತು ಅಂತಿಟ್ಕೊಳ್ಳಿ, ಅದರಲ್ಲೂ ನೂರಕ್ಕೆ ಹತ್ತು, ನೂರಕ್ಕೆ ಐದು. ಖರ್ಚಿಗೆ ಇಲ್ಲ ಅಂದವರು ಲಾಭಕ್ಕೆ ಬರ್ತೀನಿ ಅನ್ನೋಕಾಗಲ್ಲ.

ಕೊಡದೇ ಇದ್ದರೆ? ಬಾಕಿ ಆ ಫ್ಲಾಟಿನ ಮೇಲೇ ಕೂರುತ್ತೆ, ಸಾಲದ ಹಾಗೆ. ಹೊಸದಾಗಿ ಕೊಂಡವರ ತಲೆಗೂ ಬರುತ್ತೆ. ಅದಕ್ಕೇ ಹಳೇ ಫ್ಲಾಟ್ ಕೊಳ್ಳೋರು ಸಂಘದಿಂದ ಬಾಕಿ ಇಲ್ಲ ಅನ್ನೋ ಪತ್ರ ತಗೊಂಡೇ ಮುಂದುವರಿಯಬೇಕು.

ಇನ್ನೂ ಕೆಲವು ಕರ್ತವ್ಯಗಳಿವೆ. ನಿಮ್ಮ ಬಾತ್‌ರೂಮಿನ ಒಳಗೆ ಹೋಗಿರೋ ಸಾಮಾನ್ಯ ಪೈಪ್ ಒಡೆದರೆ, ರಿಪೇರಿಗೆ ಸಂಘದವರು ಸರಿಯಾದ ಹೊತ್ತಿನಲ್ಲಿ ಒಳಗೆ ಬರೋಕೆ ನೀವು ಬಿಡಬೇಕು. ಸಾಮಾನ್ಯ ಜಾಗವನ್ನ ಅದು ಯಾತಕ್ಕಿದೆಯೋ ಅದಕ್ಕೆ ಬಳಸಬೇಕು, ಇನ್ನೊಬ್ಬರಿಗೆ ಅಡ್ಡ ಆಗಬಾರದು. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡು, ಮೆಟ್ಟಿಲ ತಿರುವಿನಲ್ಲಿ ಹಳೇ ವಾಷಿಂಗ್ ಮಷಿನ್ನು, ಟೆರೇಸ್ ಬಾಗಿಲ ಹತ್ರ ಖಾಲಿ ಸಿಲಿಂಡರು, ಇವೆಲ್ಲ ನಮಗೆ ಸಣ್ಣ ವಿಷಯ. ಬೆಂಕಿ ಬಿದ್ದ ರಾತ್ರಿ ಹೊಗೆಯಲ್ಲಿ ಕಣ್ಣು ಕಾಣದೆ ಓಡೋರಿಗೆ ಅದು ಸಣ್ಣದಲ್ಲ. ಬಿಲ್ಡರ್ ಟೆರೇಸಿಗೆ ಬೀಗ ಹಾಕಿದರೆ ಅನ್ಯಾಯ. ನಮ್ಮ ಸಾಮಾನು ಅದೇ ದಾರಿಗೆ ಅಡ್ಡ ಇದ್ದರೆ ಅದಕ್ಕೆ ಏನಂತೀರಿ?

ಸಂಘ ಇಲ್ಲದೆ ಏನೂ ಇಲ್ಲ

ಈಗ ನನ್ನ ತಪ್ಪು ಹೇಳ್ಕೋಬೇಕು.

ಈ ಹಕ್ಕುಗಳನ್ನೆಲ್ಲ ಯಾರ ಕೈಗೆ ಕೊಡಬೇಕು? ಹನ್ನೆರಡು ಮನೆಗೆ ಹನ್ನೆರಡು ಕೀಲಿ ಕೊಟ್ಟು ಕಟ್ಟಡ ನಡೆಸೋಕಾಗಲ್ಲ. ಅದಕ್ಕೆ ಮಾಲೀಕರ ಸಂಘ ಬೇಕು. ಅರ್ಧಕ್ಕಿಂತ ಹೆಚ್ಚು ಫ್ಲಾಟ್ ಬುಕ್ ಆದ ಮೂರು ತಿಂಗಳಲ್ಲಿ ಸಂಘ ಆಗೋ ಹಾಗೆ ಬಿಲ್ಡರ್ ನೋಡಿಕೊಳ್ಳಬೇಕು ಅಂತ ರೇರಾ ಹೇಳುತ್ತೆ. ಅದರಲ್ಲಿ ಭಾಗವಹಿಸೋದು ಕೊಂಡವರ ಕರ್ತವ್ಯ ಅಂತಲೂ ಅದೇ ಕಾಯ್ದೆ ಹೇಳುತ್ತೆ. ಇನ್ನು 1972ರ ಅಪಾರ್ಟ್‌ಮೆಂಟ್ ಕಾಯ್ದೆ ಇದೆಯಲ್ಲ, ಅದು ತಾನಾಗಿ ಎಲ್ಲ ಕಟ್ಟಡಕ್ಕೂ ಅನ್ವಯ ಆಗಲ್ಲ. ಮುಖ್ಯವಾಗಿ ವಾಸಕ್ಕೆ ಬಳಸೋ ಕಟ್ಟಡ ಆಗಿರಬೇಕು. ಎಲ್ಲ ಮಾಲೀಕರೂ ಸೇರಿ ನಾವು ಈ ಕಾಯ್ದೆಗೆ ಒಳಪಡ್ತೀವಿ ಅಂತ ಘೋಷಣಾ ಪತ್ರ ಬರೆದು ನೋಂದಾಯಿಸಬೇಕು. ಎಲ್ಲ ಮಾಲೀಕರೂ ಅನ್ನೋ ಮಾತನ್ನ ಇನ್ನೊಂದ್ಸಲ ಓದಿ.

ಬೀಗದ ವಿಷಯಕ್ಕೆ ನಾನು ಅಪ್ಪನಿಗೆ ಫೋನ್ ಮಾಡಿ, "ಸಂಘ ಯಾಕೆ ಮಾಡಿಲ್ಲ? ಘೋಷಣಾ ಪತ್ರ ಎಲ್ಲಿ?" ಅಂತ ಟಿವಿಯಲ್ಲಿ ಅಧಿಕಾರಿಗಳನ್ನ ಕೇಳೋ ಧಾಟಿಯಲ್ಲೇ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹನ್ನೊಂದು ಮಂದಿ ಸಹಿ ಮಾಡ್ಯಾರ. ಒಂದು ಬಾಕಿ ಐತಿ. ಕಾಗದ ನಿನ್ನ ಕಡೆ ಐತಲ್ಲೋ, ದೀಪಾವಳಿಗೆ ಬಂದಾಗ ಕೊಟ್ಟಿದ್ನಿ."

ಫ್ಲಾಟ್ ನನ್ನ ಹೆಸರಲ್ಲಿದೆ. ಸಾಲ ನನ್ನ ಸಂಬಳದ ಮೇಲೆ ತಗೊಂಡಿದ್ದು. ಅಲ್ಲಿ ಇರೋರು ಅಪ್ಪ ಅವ್ವ, ಆದರೆ ಕಾನೂನಿನ ಕಣ್ಣಲ್ಲಿ ಮಾಲೀಕ ನಾನು. ಆ ಕಾಗದ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಹಿಂದಿನ ಜೇಬಲ್ಲಿ ಐದು ತಿಂಗಳಿಂದ ಇತ್ತು. ಸಂಘ ಇದ್ದಿದ್ದರೆ ಬಾಕಿ ವಸೂಲಿ ಆಗ್ತಿತ್ತು, ಲಿಫ್ಟ್ ಅಷ್ಟು ದಿನ ನಿಲ್ಲುತ್ತಿರಲಿಲ್ಲ. ಅಪ್ಪ ಯಳವತ್ತಿಗೆ ಹೋಗಿ ಗೆಳೆಯನ ಮುಖ ನೋಡಿ ಬರ್ತಿದ್ದರು. ಅವರು ಇದನ್ನ ನನಗೆ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ನಮ್ಮ ಗದಗ ಜಿಲ್ಲೆಯವರು ಈ ವಿಷಯದಲ್ಲಿ ಹಿಂದೆ ಬೀಳಬಾರದು. ಗದಗದ ಹತ್ತಿರ ಕಣಗಿನಹಾಳ ಅನ್ನೋ ಊರಿದೆ. 1904ರಲ್ಲಿ ದೇಶಕ್ಕೆ ಸಹಕಾರ ಕಾಯ್ದೆ ಬಂತು. ಮಾರನೇ ವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘಗಳ ಮಾತು ಬಂದಾಗ ಮೊದಲು ಬರೋ ಹೆಸರು ಅದು. ಸಾಲದ ಸುಳಿಯಲ್ಲಿದ್ದ ರೈತರು ನೂರಿಪ್ಪತ್ತು ವರ್ಷದ ಹಿಂದೆ ಒಂದು ಪುಸ್ತಕದಲ್ಲಿ ಲೆಕ್ಕ ಬರೆದು, ಪಾಲು ಹಾಕಿ, ಸೇರಿ ನಡೆಸಿದರು. ಡಿಗ್ರಿ ಓದಿದ ಹನ್ನೆರಡು ಮನೆಯವರಿಗೆ ಒಂದು ಲಿಫ್ಟ್ ನಡೆಸೋಕೆ ಆಗಲ್ಲ ಅಂದ್ರೆ ಹೇಗೆ?

ಸಣ್ಣ ಕಟ್ಟಡದವರಿಗೆ ಒಂದು ಎಚ್ಚರಿಕೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲಾಟ್‌ಗಳು ಎಂಟು ಮೀರದಿದ್ದರೆ ಆ ಯೋಜನೆಗೆ ರೇರಾ ನೋಂದಣಿ ಕಡ್ಡಾಯ ಅಲ್ಲ. ನಮ್ಮ ಸಣ್ಣ ಊರುಗಳಲ್ಲಿ ಏಳೋ ಅಪಾರ್ಟ್‌ಮೆಂಟುಗಳಲ್ಲಿ ಇಂಥವು ಬಹಳ. ಅಲ್ಲಿ ಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಮುಂಗಡ ಕೊಡೋ ಮುಂಚೆ ನಾಲ್ಕು ವಿಷಯ ಕೇಳಿ. ಮಂಜೂರಾದ ನಕ್ಷೆ ತೋರಿಸಿ. ನನ್ನ ಅವಿಭಜಿತ ಪಾಲು ನೂರಕ್ಕೆ ಎಷ್ಟು? ಟೆರೇಸ್, ಪಾರ್ಕಿಂಗ್ ಬಗ್ಗೆ ಕ್ರಯಪತ್ರದಲ್ಲಿ ಏನು ಬರೀತೀರಿ? ಸಂಘ ಯಾವಾಗ, ಯಾವ ಕಾಯ್ದೆ ಕೆಳಗೆ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ. ಈಗಾಗಲೇ ಕೊಂಡು ಸಿಕ್ಕಿಹಾಕ್ಕೊಂಡಿದ್ದರೆ, ರೇರಾ ವ್ಯಾಪ್ತಿಗೆ ಬರೋ ಕಟ್ಟಡದವರು ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಆನ್‌ಲೈನಲ್ಲೇ ದೂರು ಕೊಡಬಹುದು. ಸೇವೆಯಲ್ಲಿ ಲೋಪ ಆಗಿದೆ ಅಂತ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತಟ್ಟಬಹುದು.

ಮುಂದೇನಾಯ್ತು?

ಆ ಶನಿವಾರ ರಾತ್ರಿ ರೈಲು ಹತ್ತಿದೆ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹನ್ನೆರಡು ಮನೆಯವರೂ ಕೂತೆವು. ಮೊದಲು ನಾನು ಎಲ್ಲರ ಮುಂದೆ ತಪ್ಪಾಯ್ತು ಅಂದೆ, ಸಹಿ ಹಾಕಿದೆ. ಟಿವಿಯಲ್ಲಿ ಎಲ್ಲರ ಬಾಯಿ ಮುಚ್ಚಿಸ್ತೀಯಲ್ಲೋ ಅಂತ ಒಬ್ಬ ಕಾಕಾ ನಕ್ಕರು. ಅಪ್ಪ ಬೋರ್ಡ್ ತಂದು ಪಾಲಿನ ಲೆಕ್ಕ ಬರೆದರು. ಮೊದಲ ಮಹಡಿಯವರಲ್ಲಿ ಮೂವರು ಅವತ್ತೇ ಬಾಕಿ ಕೊಟ್ಟರು. ನಾಲ್ಕನೆಯವರು ಎರಡು ಕಂತು ಕೇಳಿದರು, ಎಲ್ಲರೂ ಒಪ್ಪಿದರು. ಪತ್ರ ನೋಂದಣಿ ಆಯ್ತು. ಸಂಘದ ಹೆಸರಲ್ಲಿ ಬಿಲ್ಡರ್‌ಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹೋಯ್ತು: ಬೀಗ ತೆಗೀರಿ, ಸಾಮಾನ್ಯ ಜಾಗಗಳನ್ನ ಸಂಘಕ್ಕೆ ಬರೆದುಕೊಡಿ, ನಕ್ಷೆ ಮತ್ತು ದಾಖಲೆ ಕೊಡಿ. ಕೊಡದಿದ್ದರೆ ರೇರಾಕ್ಕೆ ಹೋಗ್ತೀವಿ.

ಬೀಗ ಹದಿನಾರನೇ ದಿನ ತೆಗೆದರು. ಬರೆದುಕೊಡೋ ಕೆಲಸ ಇನ್ನೂ ಆಗಿಲ್ಲ. ಆ ಹದಿನೇಳನೇ ಪುಟದ ಸಾಲಿನ ಬಗ್ಗೆ ವಕೀಲರ ಹತ್ರ ಓಡಾಟ ನಡೀತಿದೆ. ಅದನ್ನ ಗೆದ್ದೇ ಬಿಟ್ಟೆವು ಅಂತ ನಿಮ್ಮ ಮುಂದೆ ಬ್ರೇಕಿಂಗ್ ನ್ಯೂಸ್ ಕೊಡೋ ಹಾಗಿಲ್ಲ. ಆದರೆ ಈಗ ಬಿಲ್ಡರ್ ಎದುರು ಕೂತಿರೋದು ಹನ್ನೆರಡು ಒಂಟಿ ಮನೆಗಳಲ್ಲ, ಒಂದು ಸಂಘ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ಶ್ಯಾವಿಗೆ ಒಣಗಿ ಡಬ್ಬಿ ಸೇರಿತ್ತು, ಸಂಡಿಗೆಯೂ ಮುಗಿದಿತ್ತು. ಟೆರೇಸಿನ ಕೀಲಿ ಈಗ ಯಾರ ಹತ್ರ ಇದೆ ಅಂತ ಕೇಳಿದೆ.

"ಯಾರ ಕಡೆನೂ ಇಲ್ಲ. ಲಿಫ್ಟ್ ಬಾಜೂಕ ಮಳಿ ಹೊಡದು ತೂಗ ಹಾಕೇವಿ. ತಮ್ಮಾ, ಮಿರಗ ಬಂತು. ಮ್ಯಾಲ ನೀರ ಹೋಗೂ ಪೈಪಿನಾಗ ಕಸ ತುಂಬೈತಿ, ತಗೀಬೇಕು. ಈ ಸಲ ಪಾಳಿ ನಮ್ಮದೈತಿ. ನಿಮ್ಮಪ್ಪಗ ಬಗ್ಗಾಕ ಆಗೂದಿಲ್ಲ. ನೀ ಯಾವಾಗ ಬರ್ತಿ?"

ಈ ಶನಿವಾರದ ಟಿಕೆಟ್ ಮಾಡಿಸಿದ್ದೀನಿ.